ನೆಟ್ಟಗೆ ನಿಂತ ಗೆರೆಗಳು: ಒಂದು ಸ್ಟೆಬಿಲೈಸರ್ ಲೆನ್ಸಿನ ಕೇಸು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಈ ಲೆನ್ಸಿನ ಬಗ್ಗೆ ಮೊದಲ ಸಲ ಫೋನ್ ಬಂದಾಗ ನಾನು ಕೊಟ್ಟ ಸಲಹೆ ಕೆಲಸ ಮಾಡಿತು. ಕೆಲಸ ಮಾಡಿದ್ದರಿಂದಲೇ ನಿಜವಾದ ರೋಗ ಒಂದು ತಿಂಗಳು ಯಾರ ಕಣ್ಣಿಗೂ ಬೀಳದೆ ಕೂತಿತ್ತು.

ನಾನು ದಾವಣಗೆರೆಯಲ್ಲಿ ಕ್ಯಾಮೆರಾ, ಲೆನ್ಸ್ ರಿಪೇರಿ ಮಾಡುತ್ತೇನೆ. ಅಂಗಡಿ ಚಿಕ್ಕದು. ರೈಲು ಹಳಿಗೆ ಹತ್ತಿರ. ಗೂಡ್ಸ್ ಗಾಡಿ ಹೋದರೆ ಟೇಬಲ್ ಮೇಲಿನ ಸ್ಕ್ರೂ ಡಬ್ಬಿ ಸಣ್ಣಗೆ ಕುಣಿಯುತ್ತದೆ. ಫೋನ್ ಮಾಡಿದ್ದು ಚಿತ್ರದುರ್ಗದ ಒಬ್ಬ ಹುಡುಗ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಫೋಟೋ ತೆಗೆಯುತ್ತಾನೆ. ಬೆಂಗಳೂರಿನಲ್ಲಿ ಯಾರಿಂದಲೋ ಸೆಕೆಂಡ್ ಹ್ಯಾಂಡ್ ಆಗಿ 70-300 ಮಿಲಿಮೀಟರಿನ ಒಂದು ಝೂಮ್ ಲೆನ್ಸ್ ತಂದಿದ್ದ. ಒಳಗೆ ಸ್ಟೆಬಿಲೈಸರ್ ಇರುವ ಲೆನ್ಸ್. ಅಂದರೆ ಕೈ ನಡುಗಿದರೂ ಚಿತ್ರ ಮಸುಕಾಗದ ಹಾಗೆ ಒಳಗಿನ ಒಂದು ಗಾಜನ್ನು ಸರಿಸುವ ವ್ಯವಸ್ಥೆ. ಕಂಪನಿ ಹೆಸರು ಇಲ್ಲಿ ಬೇಡ.

ಮನೆ ಮಾಳಿಗೆ ಮೇಲೆ ಟ್ರೈಪಾಡ್ ಇಟ್ಟು, ಹೊತ್ತು ಮುಳುಗಿದ ಮೇಲೆ ಕೋಟೆ ಬೆಟ್ಟದ ಫೋಟೋ ತೆಗೆದಿದ್ದನಂತೆ. ‘ಅಣ್ಣ, ಟ್ರೈಪಾಡ್ ಮೇಲಿದ್ರೂ ಶಾರ್ಪ್ ಬರ್ತಿಲ್ಲ. ಲೆನ್ಸ್ ಕೆಟ್ಟೋಗಿದೆಯಾ?’ ಅಂದ. ‘ಸ್ಟೆಬಿಲೈಸರ್ ಆನ್ ಇತ್ತಾ?’ ಅಂದೆ. ಇತ್ತು ಅಂದ. ‘ಟ್ರೈಪಾಡ್ ಮೇಲೆ ಇಟ್ಟಾಗ ಅದನ್ನ ಆಫ್ ಮಾಡಬೇಕಪ್ಪ’ ಅಂತ ಹೇಳಿ ಫೋನ್ ಇಟ್ಟೆ. ಮಾರನೇ ದಿನ ಮೆಸೇಜು ಬಂತು: ‘ಸೂಪರ್ ಅಣ್ಣ, ಆಫ್ ಮಾಡಿದ್ರೆ ಶಾರ್ಪ್ ಬಂತು.’ ನನಗೂ ಖುಷಿಯಾಯಿತು. ಎರಡು ನಿಮಿಷದಲ್ಲಿ, ಫೋನಲ್ಲೇ ರಿಪೇರಿ!

ಆ ಸಲಹೆ ಸುಳ್ಳೇನಲ್ಲ. ಹಳೇ ಸ್ಟೆಬಿಲೈಸರ್ ಲೆನ್ಸುಗಳಲ್ಲಿ ಇದು ನಿಜವಾದ ತೊಂದರೆ. ಕ್ಯಾಮೆರಾ ಅಲುಗಾಡದೆ ನಿಂತಿದ್ದರೂ ಅಲುಗಾಟ ಗುರುತಿಸುವ ಒಳಗಿನ ಸೆನ್ಸರಿಗೆ ತನ್ನದೇ ಒಂದಿಷ್ಟು ಗದ್ದಲ ಇರುತ್ತದೆ. ಆ ಗದ್ದಲವನ್ನೇ ಅಲುಗಾಟ ಅಂದುಕೊಂಡು ಅದು ಗಾಜನ್ನು ಸರಿಸುತ್ತದೆ. ಗಾಜು ಸರಿದಿದ್ದಕ್ಕೆ ಲೆನ್ಸ್ ಅದುರುತ್ತದೆ. ಆ ಅದುರು ಮತ್ತೆ ಸೆನ್ಸರಿಗೆ ಮುಟ್ಟುತ್ತದೆ. ಹಳ್ಳಿ ಜಾತ್ರೆಯಲ್ಲಿ ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕುಯ್ಯೋ ಅನ್ನುತ್ತದಲ್ಲ, ಹಾಗೆ. ಈಚಿನ ಲೆನ್ಸುಗಳು ಟ್ರೈಪಾಡ್ ಮೇಲಿರುವುದನ್ನು ತಾವೇ ಗುರುತಿಸಿ ತೆಪ್ಪಗಿರುತ್ತವೆ. ಈ ಲೆನ್ಸ್ ಸ್ವಲ್ಪ ಹಳೇ ಮಾದರಿ. ಹಾಗಾಗಿ ನಾನು ಎರಡನೇ ಸಲ ಯೋಚನೆ ಮಾಡಲಿಲ್ಲ.

ಒಂದು ತಿಂಗಳಾದ ಮೇಲೆ ಮತ್ತೆ ಫೋನ್. ಈ ಸಲ ದನಿಯಲ್ಲಿ ಅಳು ಇತ್ತು. ಒಂದು ಆರತಕ್ಷತೆಯಲ್ಲಿ ಇದೇ ಲೆನ್ಸ್ ಹಾಕಿ, ಕೈಯಲ್ಲೇ ಹಿಡಿದು, ದೂರದಿಂದ ತೆಗೆದ ಫೋಟೋಗಳೆಲ್ಲ ಮಸುಕು. ಹುಡುಗಿ ಕಡೆಯವರು ದುಡ್ಡು ಕೊಡಲ್ಲ ಅಂತ ಕೂತಿದ್ದಾರೆ. ‘ಲೆನ್ಸೂ ತಗೊಂಡು ಬಾ, ಕಾರ್ಡೂ ತಗೊಂಡು ಬಾ, ಒಂದೂ ಡಿಲೀಟ್ ಮಾಡಬೇಡ’ ಅಂದೆ. ಕೆಟ್ಟ ಫೋಟೋಗಳೇ ನನಗೆ ಬೇಕಾಗಿದ್ದವು.

ಮಸುಕಿಗೂ ಒಂದು ಆಕಾರ ಇರುತ್ತದೆ

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ 60 ಕಿಲೋಮೀಟರು ಆಸುಪಾಸು. ಬೆಳಗಿನ ಬಸ್ಸಿಗೆ ಬಂದ. ಲೆನ್ಸನ್ನು ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿ ಚೀಲದಲ್ಲಿ ಇಟ್ಟುಕೊಂಡಿದ್ದ. ಮೊದಲು ಬೆಣ್ಣೆ ದೋಸೆ ತಿನ್ನಿಸಿದೆ. ಹೊಟ್ಟೆ ಹಸಿದವನ ಹತ್ತಿರ ಶಟರ್ ಸ್ಪೀಡ್ ಮಾತಾಡಿ ಪ್ರಯೋಜನ ಇಲ್ಲ.

ಕಂಪ್ಯೂಟರಿನಲ್ಲಿ ಫೋಟೋ ತೆರೆದೆವು. ಝೂಮ್ 200ರಲ್ಲಿ, ಶಟರ್ ತೆರೆದಿದ್ದು ಸೆಕೆಂಡಿನ 1/30 ಭಾಗ, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 3200. ನನ್ನ ಮನಸ್ಸಿಗೆ ಮೊದಲು ಬಂದದ್ದು, ‘ಇಷ್ಟು ನಿಧಾನ ಇಟ್ಟರೆ ಇನ್ನೇನಾಗುತ್ತೆ?’ ಅಂತಲೇ. ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಒಂದು ಹಳೇ ಲೆಕ್ಕ ಇದೆ. ಫೋಕಲ್ ಲೆಂತ್, ಅಂದರೆ ಲೆನ್ಸಿನ ಮಿಲಿಮೀಟರ್ ಅಂಕಿ, ಎಷ್ಟಿದೆಯೋ ಸೆಕೆಂಡನ್ನು ಅಷ್ಟು ಭಾಗ ಮಾಡಿ, ಅದಕ್ಕಿಂತ ನಿಧಾನ ಹೋಗಬೇಡ. ಅವನದ್ದು ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಿರುವ ಕ್ಯಾಮೆರಾ, ಹಾಗಾಗಿ ಆ ಅಂಕಿಯನ್ನು 1.5ರಿಂದ ಗುಣಿಸಬೇಕು. 200 ಅಂದರೆ 300ರ ಲೆಕ್ಕ. ಕ್ಯಾಮೆರಾದಲ್ಲಿ ಅದಕ್ಕೆ ಹತ್ತಿರದ್ದು 1/320.

ಆದರೆ ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆ. ನಾಲ್ಕು ಸ್ಟಾಪ್ ಲಾಭ ಅಂತ ಕಂಪನಿಯ ಮಾತು. ಒಂದು ಸ್ಟಾಪ್ ಅಂದರೆ ಶಟರನ್ನು ಎರಡರಷ್ಟು ಹೊತ್ತು ತೆರೆದಿಡಬಹುದು ಅಂತ. 1/320ರಿಂದ 1/160, 1/80, 1/40, ಕೊನೆಗೆ 1/20. ಆ ಲೆಕ್ಕದಲ್ಲಿ 1/30 ಒಳಗೇ ಬರುತ್ತದೆ. ಕಂಪನಿ ಲೆಕ್ಕ ಅಂದರೆ ಕಾರಿನ ಮೈಲೇಜ್ ಇದ್ದ ಹಾಗೆ, ಪೂರ್ತಿ ನಂಬುವ ಹಾಗಿಲ್ಲ. ಆದರೂ ಹತ್ತರಲ್ಲಿ ಐದಾರು ಫೋಟೋ ಆದರೂ ಚೆನ್ನಾಗಿ ಬರಬೇಕಿತ್ತು. ಒಂದೂ ಬಂದಿರಲಿಲ್ಲ.

ಮದುಮಗಳ ಕೈ, ಅಕ್ಷತೆ ಹಾಕುವವರ ತೋಳು ಮಸುಕಾಗಿದ್ದರೆ ಅದು ಬೇರೆ ಮಾತು. ಎದುರಿಗಿರುವವರು ಅಲುಗಾಡಿದರೆ ಯಾವ ಸ್ಟೆಬಿಲೈಸರೂ ತಡೆಯುವುದಿಲ್ಲ. ಅದು ನೋಡಿಕೊಳ್ಳುವುದು ನಮ್ಮ ಕೈಯ ನಡುಕವನ್ನು ಮಾತ್ರ. ಹಾಗಾಗಿ ನಾನು ಜನರನ್ನು ಬಿಟ್ಟು ಹಿಂದಿನ ಅಲಂಕಾರ ನೋಡಿದೆ. ವೇದಿಕೆಯ ಹಿಂದೆ ಸೀರಿಯಲ್ ಸೆಟ್ ಲೈಟು ಇಳಿಬಿಟ್ಟಿದ್ದರು. ನೂರಾರು ಪುಟ್ಟ ಬಲ್ಬುಗಳು. ಇವು ನಮ್ಮ ಕೆಲಸಕ್ಕೆ ಬಲು ಉಪಕಾರಿ. ಒಂದೊಂದು ಬಲ್ಬೂ ಒಂದೊಂದು ಪೆನ್ನಿನ ಮೊನೆ. ಕ್ಯಾಮೆರಾ ಹೇಗೆ ಅಲ್ಲಾಡಿತೋ ಹಾಗೆ ಗೆರೆ ಬರೆದಿರುತ್ತದೆ.

ಎಲ್ಲ ಬಲ್ಬುಗಳೂ ನೆಟ್ಟಗೆ, ಮೇಲಿಂದ ಕೆಳಕ್ಕೆ, ಸಣ್ಣ ಕಡ್ಡಿಗಳಾಗಿದ್ದವು. ಬೆಂಕಿಪೊಟ್ಟಣದ ಕಡ್ಡಿ ಜೋಡಿಸಿಟ್ಟ ಹಾಗೆ.

ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೈ ನಡುಕ ಯಾವತ್ತೂ ಇಷ್ಟು ಶಿಸ್ತಾಗಿ ಗೆರೆ ಎಳೆಯುವುದಿಲ್ಲ. ಅದು ಇರುವೆ ಹರಿದ ಹಾಗೆ ಸೊಟ್ಟಪಟ್ಟ ಇರುತ್ತದೆ. ಒಂದಿಷ್ಟು ಅಡ್ಡ, ಒಂದಿಷ್ಟು ಉದ್ದ, ಕೊನೆಗೆ ಒಂದು ಕೊಕ್ಕೆ.

ಇನ್ನೂ ಎರಡು ಸಂಗತಿ ಕಂಡವು. ಮೂಲೆಯ ಬಲ್ಬಿನ ಕಡ್ಡಿಯೂ ನಡುವಿನ ಬಲ್ಬಿನ ಕಡ್ಡಿಯೂ ಒಂದೇ ಉದ್ದ, ಒಂದೇ ದಿಕ್ಕು. ಕ್ಯಾಮೆರಾ ಸ್ಟೇರಿಂಗ್ ತಿರುಗಿಸಿದ ಹಾಗೆ ತಿರುಗಿದ್ದರೆ ನಡುವಿನ ಬಲ್ಬು ಚುಕ್ಕಿಯಾಗಿಯೇ ಉಳಿದು, ಮೂಲೆಯವು ಕಮಾನಿನ ಹಾಗೆ ಬಾಗುತ್ತಿದ್ದವು. ಅಂಥ ತಿರುಗಾಟವನ್ನು ಲೆನ್ಸಿನ ಸ್ಟೆಬಿಲೈಸರ್ ಸರಿ ಮಾಡಲಾರದು, ಯಾಕೆಂದರೆ ಗಾಜು ದುಂಡಗಿದೆ, ತಿರುಗಿಸಿದರೂ ಚಿತ್ರ ತಿರುಗುವುದಿಲ್ಲ. ಸೆನ್ಸರನ್ನೇ ಅಲ್ಲಾಡಿಸುವ ಕ್ಯಾಮೆರಾಗಳಿಗೆ ಮಾತ್ರ ಅದು ಸಾಧ್ಯ. ಇಲ್ಲಿ ಆ ತಿರುಗಾಟ ಇರಲಿಲ್ಲ.

ಇನ್ನೊಂದು, ಕಡ್ಡಿ ಒಂದೇ ಸಮ ಇರಲಿಲ್ಲ. ದೊಡ್ಡದು ಮಾಡಿ ನೋಡಿದರೆ ಮೂರು ಮಣಿ ಪೋಣಿಸಿದ ಹಾಗಿತ್ತು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಇಂಥ ಲೈಟು ಸೆಕೆಂಡಿಗೆ ನೂರು ಸಲ ಮಿನುಗಿದರೆ 1/30 ಸೆಕೆಂಡಿನಲ್ಲಿ ಮೂರು ಮಿನುಗು. ಅಂದರೆ ಶಟರ್ ತೆರೆದಿದ್ದಷ್ಟು ಹೊತ್ತೂ ಚಿತ್ರ ಮೇಲೆ ಕೆಳಗೆ ಸರಿಯುತ್ತಲೇ ಇತ್ತು. ಫೋಕಸ್ ತಪ್ಪಿದ್ದಿದ್ದರೆ ಬಲ್ಬು ದುಂಡಗೆ ಊದಿಕೊಳ್ಳುತ್ತಿತ್ತು, ಮಣಿ ಕಾಣುತ್ತಿರಲಿಲ್ಲ. ಫೋಕಸ್ ಕೆಟ್ಟಿದೆ ಅನ್ನುವ ಅನುಮಾನ ಅಲ್ಲಿಗೆ ಮುಗಿಯಿತು.

ಒಳಗೆ ಏನಿದೆ

‘ಅಣ್ಣ, ಅಲುಗಾಡಿಸಿದ್ರೆ ಒಳಗೆ ಲೊಟಲೊಟ ಅನ್ನುತ್ತೆ. ಏನೋ ಕಿತ್ತೋಗಿದೆ’ ಅಂದ ಹುಡುಗ. ವಾರಕ್ಕೊಬ್ಬರಾದರೂ ಇದನ್ನೇ ಹೇಳಿಕೊಂಡು ಬರುತ್ತಾರೆ. ಎಷ್ಟೋ ಸ್ಟೆಬಿಲೈಸರ್ ಲೆನ್ಸುಗಳಲ್ಲಿ ಆ ಸದ್ದು ಸಹಜ. ಅಲ್ಲಾಡಲಿ ಅಂತಲೇ ಮಾಡಿದ ಗಾಜು ಅದು.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ತಲೆ ಮೇಲೆ ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸರನ್ನು ನೋಡಿದ್ದೀರಲ್ಲ. ಕಾಲು ಏರುಪೇರಿನ ನೆಲದ ಮೇಲೆ. ಕೊಡ ಮಾತ್ರ ಕದಲುವುದಿಲ್ಲ. ಕಾಲು ಎತ್ತ ವಾಲಿದರೂ ಸೊಂಟ, ಕತ್ತು ಅದರ ಎದುರು ದಿಕ್ಕಿಗೆ ಅಷ್ಟೇ ವಾಲಿ ಸರಿದೂಗಿಸುತ್ತವೆ. ಲೆನ್ಸಿನಲ್ಲೂ ನಡೆಯುವುದು ಅದೇ. ಕ್ಯಾಮೆರಾ ವಾಲಿದ್ದನ್ನು ಒಂದು ಭಾಗ ಗುರುತಿಸಬೇಕು. ಇನ್ನೊಂದು ಭಾಗ ಅಷ್ಟೇ ಪ್ರಮಾಣದಲ್ಲಿ ಗಾಜನ್ನು ಸರಿಸಿ, ಬೆಳಕನ್ನು ಬಾಗಿಸಿ, ಚಿತ್ರವನ್ನು ಸೆನ್ಸರಿನ ಮೇಲೆ ಇದ್ದಲ್ಲೇ ಇಡಬೇಕು.

ವಾಲಿದ್ದನ್ನು ಹೇಳುವುದು ಗೈರೊ. ಗೈರೊ ಅಂದರೆ ಬುಗುರಿ ಅಂತ ನಾವು ಓದಿದ್ದೇವೆ. ಇಲ್ಲಿ ಬುಗುರಿ ಇಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ಪಿನೊಳಗೆ ಕವಲು ಕಡ್ಡಿಯಂಥದ್ದು ಒಂದೇ ಸಮನೆ ಅದುರುತ್ತಿರುತ್ತದೆ. ಚಿಪ್ಪು ತಿರುಗಿದ ಕೂಡಲೇ ಆ ಅದುರು ಸ್ವಲ್ಪ ಅಡ್ಡಕ್ಕೂ ಹೊರಳುತ್ತದೆ. ಎಷ್ಟು ಹೊರಳಿತು ಅನ್ನುವುದರ ಮೇಲೆ ತಿರುಗಿದ ವೇಗ ಗೊತ್ತಾಗುತ್ತದೆ. ಇಂಥ ಗೈರೊ ಎರಡು. ಒಂದು ಮೇಲೆ ಕೆಳಗೆ ತಲೆಯಾಡಿಸುವುದನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಎಡಕ್ಕೆ ಬಲಕ್ಕೆ ತಿರುಗುವುದನ್ನು. ಹೂಂ ಅನ್ನುವ ತಲೆ ಒಂದಕ್ಕೆ, ಊಹೂಂ ಅನ್ನುವ ತಲೆ ಇನ್ನೊಂದಕ್ಕೆ.

ಗಾಜನ್ನು ಸರಿಸುವುದು ಕಾಯಿಲ್ ಮತ್ತು ಮ್ಯಾಗ್ನೆಟ್. ಸ್ಪೀಕರಿನಲ್ಲಿ ಇರುವುದೂ ಇದೇ ಜೋಡಿ. ಕಾಯಿಲಿಗೆ ಕರೆಂಟು ಕೊಟ್ಟರೆ ಮ್ಯಾಗ್ನೆಟ್ಟಿನಿಂದ ಆಚೆ ಈಚೆ ಸರಿಯುತ್ತದೆ. ಸ್ಪೀಕರಿನಲ್ಲಿ ಅದು ಕಾಗದವನ್ನು ನೂಕುತ್ತದೆ, ಇಲ್ಲಿ ಗಾಜನ್ನು. ಗಾಜು ಈಗ ಎಲ್ಲಿದೆ ಅಂತ ಹೇಳುವುದಕ್ಕೆ ಹಾಲ್ ಸೆನ್ಸರ್ ಅಂತ ಇರುತ್ತದೆ. ಇವೂ ಎರಡೆರಡು. ಮೇಲೆ ಕೆಳಗೆ ಒಂದು ಜೋಡಿ, ಎಡ ಬಲ ಒಂದು ಜೋಡಿ. ಸೆಕೆಂಡಿಗೆ ಸಾವಿರಾರು ಸಲ ಈ ಲೆಕ್ಕ ನಡೆಯುತ್ತದೆ. ನಮ್ಮ ಕೈಯ ಸಹಜ ನಡುಕ ಸೆಕೆಂಡಿಗೆ ಸುಮಾರು 8ರಿಂದ 12 ಸಲ. ಹಾಗಾಗಿ ಅದಕ್ಕೆ ಪುರಸೊತ್ತು ಬೇಕಾದಷ್ಟಿದೆ.

ಝೂಮ್ ಲೆನ್ಸಿಗೆ ಇದು ಯಾಕೆ ಅಷ್ಟು ಮುಖ್ಯ ಅಂತ ಒಂದು ಲೆಕ್ಕ ಹಾಕಿ ತೋರಿಸಿದೆ. ಶಟರ್ ತೆರೆದಿರುವಾಗ ಕ್ಯಾಮೆರಾ ಒಂದು ಡಿಗ್ರಿಯ ನೂರನೇ ಒಂದು ಭಾಗ ವಾಲಿತು ಅಂದುಕೊಳ್ಳಿ. 18 ಮಿಲಿಮೀಟರ್ ಲೆನ್ಸಿನಲ್ಲಿ ಚಿತ್ರ ಸೆನ್ಸರಿನ ಮೇಲೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗ ಸರಿಯುತ್ತದೆ. ಅವನ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲಿನ ಅಗಲವೇ ಸಾವಿರದಲ್ಲಿ ನಾಲ್ಕು ಭಾಗ. ಗೊತ್ತೂ ಆಗುವುದಿಲ್ಲ. ಅದೇ ವಾಲು 200ರಲ್ಲಿ ಸಾವಿರದಲ್ಲಿ 35 ಭಾಗ. ಅಂದರೆ ಒಂಬತ್ತು ಪಿಕ್ಸೆಲ್. ಕಣ್ಣಿನ ರೆಪ್ಪೆ, ಮೂಗುತಿಯ ಹರಳು, ಜರಿಯ ಎಳೆ ಎಲ್ಲ ಅಲ್ಲಿಗೆ ಕಲಸಿಹೋದವು.

ಈ ವಿದ್ಯೆ ತೀರಾ ಹೊಸದೇನಲ್ಲ. 1994ರಲ್ಲಿ ನಿಕಾನ್ ಕಂಪನಿ ಒಂದು ಫಿಲ್ಮ್ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಇಟ್ಟಿತು. 1995ರಲ್ಲಿ ಕ್ಯಾನನ್ ಕಂಪನಿ 75-300ರ ಝೂಮಿನಲ್ಲಿ ತಂದಿತು. ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಬದಲಾಯಿಸಿ ಹಾಕುವ ಲೆನ್ಸಿನಲ್ಲಿ ಸ್ಟೆಬಿಲೈಸರ್ ಬಂದದ್ದು ಅದೇ ಮೊದಲು. ಆಗ ಸಿಗುತ್ತಿದ್ದ ಲಾಭ ಎರಡು ಸ್ಟಾಪ್. ಕ್ಯಾನನ್ ಇದನ್ನು ಐಎಸ್ ಅನ್ನುತ್ತದೆ, ನಿಕಾನ್ ವಿಆರ್, ಟ್ಯಾಮ್ರಾನ್ ವಿಸಿ, ಸಿಗ್ಮಾ ಓಎಸ್, ಸೋನಿ ಓಎಸ್‌ಎಸ್. ಹೆಸರು ಬೇರೆ ಬೇರೆ, ಕೊಡ ಹೊರುವ ವಿದ್ಯೆ ಒಂದೇ.

ಇಷ್ಟು ಗೊತ್ತಿದ್ದರೆ ಆ ನೆಟ್ಟಗಿನ ಕಡ್ಡಿಗಳು ಮಾತಾಡತೊಡಗುತ್ತವೆ ಅಲ್ವಾ? ಎಡ ಬಲದ ಜೋಡಿ ತನ್ನ ಕೆಲಸ ಮಾಡಿದೆ. ಸೊಟ್ಟ ಗೆರೆಯ ಅಡ್ಡ ಭಾಗವನ್ನು ಅಳಿಸಿಹಾಕಿದೆ. ಮೇಲೆ ಕೆಳಗಿನ ಜೋಡಿ ಮಾತ್ರ ಮಲಗಿದೆ. ಉಳಿದದ್ದು ಕಡ್ಡಿ.

ಗೋಡೆಯ ಮೇಲೆ ಪೇಪರು

ಅನುಮಾನ ಬಂದ ಮಾತ್ರಕ್ಕೆ ಲೆನ್ಸ್ ಬಿಚ್ಚಬಾರದು. ಇನ್ನೊಂದು ಸಾಮಾನ್ಯ ಕಾರಣ ಇತ್ತು. ಕ್ಯಾಮೆರಾ ಬಟನ್ನನ್ನು ಜೋರಾಗಿ ಒತ್ತಿದರೂ ಕ್ಯಾಮೆರಾ ತಲೆ ಬಗ್ಗಿಸುತ್ತದೆ, ಗೆರೆ ಮೇಲಿಂದ ಕೆಳಕ್ಕೇ ಬರುತ್ತದೆ. ಮದುವೆ ಮನೆಯ ಗಡಿಬಿಡಿಯಲ್ಲಿ ಎಲ್ಲರೂ ಬಟನ್ನನ್ನು ಕಾಲಿಂಗ್ ಬೆಲ್ ಒತ್ತಿದ ಹಾಗೇ ಒತ್ತುತ್ತಾರೆ.

ಅಂಗಡಿಯ ಗೋಡೆಗೆ ಒಂದು ಕನ್ನಡ ದಿನಪತ್ರಿಕೆಯ ಹಾಳೆ ಅಂಟಿಸಿದೆ. ಇದು ನನ್ನ ಹಳೇ ಟೆಸ್ಟ್ ಚಾರ್ಟ್. ಅಂಕಣಗಳ ನಡುವೆ ಉದ್ದ ಗೆರೆ ಇರುತ್ತದೆ, ಸುದ್ದಿಗಳ ನಡುವೆ ಅಡ್ಡ ಗೆರೆ. ಅಕ್ಷರಗಳ ತಲೆಕಟ್ಟು ಬೇರೆ. ಚಿತ್ರ ಮೇಲೆ ಕೆಳಗೆ ಸರಿದರೆ ತಲೆಕಟ್ಟು ಕದಡುತ್ತದೆ, ಉದ್ದ ಗೆರೆ ಉಳಿಯುತ್ತದೆ. ಎಡ ಬಲ ಸರಿದರೆ ಅದಕ್ಕೆ ತಿರುಗಾಮುರುಗ.

ಹುಡುಗನನ್ನು ನಿಲ್ಲಿಸಿ, ಕೈಯಲ್ಲೇ ಹಿಡಿದು, ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ ತೆಗೆಸಿದೆ. ಟೈಮರ್ ಹಾಕಿದರೆ ಬಟನ್ ಒತ್ತಿದ ಕುಲುಕಾಟ ಅಷ್ಟರಲ್ಲಿ ಅಡಗಿರುತ್ತದೆ. 200ರಲ್ಲಿ, 1/30ರಲ್ಲಿ ಹತ್ತು ಫೋಟೋ. ಹತ್ತರಲ್ಲೂ ಅಂಕಣದ ಉದ್ದ ಗೆರೆ ಬಹುಮಟ್ಟಿಗೆ ಚೆನ್ನಾಗಿದೆ, ತಲೆಕಟ್ಟುಗಳು ಎರಡೆರಡಾಗಿವೆ. ಬಟನ್ನಿನ ತಪ್ಪಲ್ಲ ಅಂತಾಯಿತು. ನಡುವೆ ಒಂದು ಗೂಡ್ಸ್ ಗಾಡಿ ಬಂತು. ಅದು ಪೂರ್ತಿ ಹೋಗುವವರೆಗೆ ಕಾದು ಮುಂದುವರಿದೆವು.

ಆಮೇಲೆ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ, ಆಳೆತ್ತರದ ಫೋಟೋ ತೆಗೆಯುವ ಹಾಗೆ ಹಿಡಿಸಿದೆ. ನನಗೆ ಬೇಕಾಗಿದ್ದ ಸಾಕ್ಷಿ ಇದು. ತಪ್ಪು ಕೈಯದ್ದಾದರೆ ಮಸುಕು ಮೊದಲಿನ ಹಾಗೇ ನೆಲಕ್ಕೆ ನೇರವಾಗಿ ಇರಬೇಕು. ತಪ್ಪು ಲೆನ್ಸಿನದ್ದಾದರೆ ಕ್ಯಾಮೆರಾದ ಜೊತೆ ಮಸುಕೂ ತಿರುಗಬೇಕು. ತಿರುಗಿತು. ಈಗ ತಲೆಕಟ್ಟುಗಳು ಸರಿ, ಅಂಕಣದ ಗೆರೆಗಳು ಕದಡಿಹೋಗಿವೆ.

‘ಅಣ್ಣ, ಹಂಗಾದ್ರೆ ಲೆನ್ಸೇ’ ಅಂದ ಹುಡುಗ. ಅವನ ಮುಖದಲ್ಲಿ ದುಃಖಕ್ಕಿಂತ ಸಮಾಧಾನ ಜಾಸ್ತಿ ಇತ್ತು. ಒಂದು ವಾರದಿಂದ ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದನಂತೆ.

ಕೊನೆಗೆ ವ್ಯೂಫೈಂಡರಿನಲ್ಲಿ ನಾನೇ ಕಣ್ಣಿಟ್ಟೆ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಬಟನ್ ಅರ್ಧ ಒತ್ತಿದೆ. ಸ್ಟೆಬಿಲೈಸರ್ ಎಚ್ಚರಗೊಳ್ಳುವ ಸಣ್ಣ ಸದ್ದು ಬಂತು. ಅದರ ಜೊತೆಗೇ ಚಿತ್ರ ಸರಕ್ಕನೆ ಜಾರಿ, ಕುಸಿದು ಕೂತಿತು. ಕ್ಯಾಮೆರಾ ತಿರುಗಿಸಿ ಆಳೆತ್ತರಕ್ಕೆ ಹಿಡಿದರೆ ಆ ಕುಸಿತ ಇಲ್ಲ.

ಇದನ್ನು ನೋಡಿದಾಗಲೇ ನನಗೆ ಒಂದು ತಿಂಗಳ ಹಿಂದಿನ ಫೋನು ನೆನಪಾಗಿದ್ದು. ಸ್ಟೆಬಿಲೈಸರ್ ಆಫ್ ಇದ್ದಾಗ ಆ ಗಾಜಿನ ಗುಂಪಿಗೆ ಒಂದು ಚಿಲಕ ಬಿದ್ದಿರುತ್ತದೆ. ಗಾಜು ಸರಿಯಾಗಿ ನಡುವಿನಲ್ಲಿ ನಿಂತಿರುತ್ತದೆ. ಆನ್ ಮಾಡಿದರೆ ಚಿಲಕ ತೆಗೆಯುತ್ತದೆ. ಆಗ ಗಾಜನ್ನು ಎತ್ತಿ ಹಿಡಿಯುವ ಹೊಣೆ ಕಾಯಿಲಿನದು. ಮೇಲೆ ಕೆಳಗಿನ ಕಾಯಿಲಿಗೆ ಜೀವ ಇಲ್ಲದಿದ್ದರೆ ಗಾಜು ತನ್ನ ಭಾರಕ್ಕೆ ತಾನೇ ತಳಕ್ಕೆ ಜಾರಿ ಕೂರುತ್ತದೆ. ನಡು ತಪ್ಪಿದ ಗಾಜಿನಿಂದ ಬಂದ ಚಿತ್ರ ಶಾರ್ಪ್ ಇರುವುದಿಲ್ಲ, ಟ್ರೈಪಾಡ್ ಎಷ್ಟೇ ಗಟ್ಟಿ ಇರಲಿ. ಕ್ಯಾಮೆರಾ ಆಳೆತ್ತರಕ್ಕೆ ತಿರುಗಿಸಿದಾಗ ಸತ್ತ ದಿಕ್ಕು ಅಡ್ಡಕ್ಕೆ ಬರುತ್ತದೆ. ಭಾರವನ್ನು ಬದುಕಿರುವ ಕಾಯಿಲು ಹೊರುತ್ತದೆ. ಅದಕ್ಕೇ ಕುಸಿತ ಇಲ್ಲ.

ಹುಡುಗನ ಕಾರ್ಡಿನಲ್ಲಿ ಕೋಟೆ ಬೆಟ್ಟದ ಆ ಹಳೇ ಫೋಟೋ ಇನ್ನೂ ಇತ್ತು. ತೆರೆದು ನೋಡಿದೆ. ಕೆಳಗಿನ ಊರಿನ ದೀಪಗಳಲ್ಲಿ ಕಡ್ಡಿ ಇಲ್ಲ, ಮಣಿ ಇಲ್ಲ. ಒಂದೊಂದಕ್ಕೂ ಒಂದೇ ಕಡೆಗೆ ಧೂಮಕೇತುವಿನ ಬಾಲದಂಥ ಮಬ್ಬು. ಫ್ರೇಮಿನ ಒಂದು ಅಂಚಿನಲ್ಲಿ ಜಾಸ್ತಿ, ಎದುರಂಚಿನಲ್ಲಿ ಕಮ್ಮಿ. ಇದು ಅಲುಗಾಟವೇ ಅಲ್ಲ, ಗಾಜು ನಡು ತಪ್ಪಿದ ಲಕ್ಷಣ. ಅವತ್ತು ಆ ಫೋಟೋ ಒಂದನ್ನು ಕಳಿಸು ಅಂತ ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆಫ್ ಮಾಡು ಅಂದೆ, ಚಿಲಕ ಬಿತ್ತು, ಗಾಜು ನಡುವಿಗೆ ಬಂತು, ಶಾರ್ಪ್ ಆಯಿತು. ನಾನು ಜಾಣ ಅನಿಸಿಕೊಂಡೆ. ಅವನ ಮದುವೆ ಆರ್ಡರ್ ಹಾಳಾಯಿತು. ಇದನ್ನು ಅವನಿಗೂ ಹೇಳಿದೆ. ‘ಬಿಡಿ ಅಣ್ಣ’ ಅಂದ. ನನಗೇನೂ ಹಗುರ ಆಗಲಿಲ್ಲ.

ಬಿಚ್ಚಿದ್ದು

ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಮೌಂಟಿನ ಸ್ಕ್ರೂ ತೆಗೆದು ಲೋಹದ ಉಂಗುರ ಎತ್ತಿದೆ. ಅದರ ಕೆಳಗೆ ಕಾಗದದಷ್ಟು ತೆಳ್ಳಗಿನ ಬಿಲ್ಲೆಗಳು ಇರುತ್ತವೆ. ಅವನ್ನು ಇದ್ದ ಕ್ರಮದಲ್ಲೇ ಇಡಬೇಕು. ಅದಲುಬದಲು ಆದರೆ ಫೋಕಸ್ ಒಂದು ಪಕ್ಕಕ್ಕೆ ವಾಲುತ್ತದೆ. ಸರ್ಕ್ಯೂಟ್ ಬೋರ್ಡಿನಿಂದ ಸ್ಟೆಬಿಲೈಸರಿನ ಫ್ಲೆಕ್ಸ್ ಬಿಡಿಸಿದೆ. ಫ್ಲೆಕ್ಸ್ ಅಂದರೆ ಸರ್ಕಲ್ಲಿನಲ್ಲಿ ಹುಟ್ಟುಹಬ್ಬಕ್ಕೆ ಕಟ್ಟುತ್ತಾರಲ್ಲ, ಅದಲ್ಲ. ಬಾಗುವ ತೆಳು ಪಟ್ಟಿ ಕೇಬಲ್. ಗಾಜು ಓಡಾಡಿದಾಗಲೆಲ್ಲ ಅದೂ ಬಾಗುತ್ತದೆ.

ಮಲ್ಟಿಮೀಟರ್ ಹಚ್ಚಿದೆ. ಎಡ ಬಲದ ಕಾಯಿಲು ಸರಿಯಾಗಿ ಓಮ್ ತೋರಿಸಿತು. ಮೇಲೆ ಕೆಳಗಿನದು ಏನೂ ತೋರಿಸಲಿಲ್ಲ. ಚಿಮುಟದಿಂದ ಪಟ್ಟಿಯನ್ನು ಒಂದು ಕಡೆ ಸ್ವಲ್ಪ ಒತ್ತಿದರೆ ಅಂಕಿ ಬಂತು. ಬಿಟ್ಟರೆ ಹೋಯಿತು. ಕಾಯಿಲಿಗೆ ಏನೂ ಆಗಿಲ್ಲ, ಪಟ್ಟಿಯ ಮಡಿಕೆಯಲ್ಲಿ ತಾಮ್ರದ ಎಳೆ ಬಿರುಕು ಬಿಟ್ಟಿದೆ. ಭೂತಕನ್ನಡಿಯಲ್ಲಿ ಕೂದಲೆಳೆಯ ಗೀರಿನ ಹಾಗೆ ಕಾಣುತ್ತಿತ್ತು.

ಲೆನ್ಸ್ ಹಳೇದು, ಹಿಂದಿನ ಒಡೆಯ ಹೇಗೆ ಇಟ್ಟುಕೊಂಡಿದ್ದನೋ. ಆದರೆ ಹುಡುಗನ ಒಂದು ಅಭ್ಯಾಸ ನನಗೆ ಬೆಳಗ್ಗೆಯೇ ಕಣ್ಣಿಗೆ ಬಿದ್ದಿತ್ತು. ಫೋಟೋ ತೆಗೆದ ಕೂಡಲೇ, ಕ್ಯಾಮೆರಾ ಆಫ್ ಮಾಡದೆಯೇ, ಲೆನ್ಸ್ ತಿರುಗಿಸಿ ಕೀಳುತ್ತಿದ್ದ. ಸ್ಟೆಬಿಲೈಸರ್ ಇನ್ನೂ ಎಚ್ಚರ ಇರುವಾಗ ಕಿತ್ತರೆ ಚಿಲಕ ಬೀಳುವುದಕ್ಕೆ ಕರೆಂಟೇ ಇರುವುದಿಲ್ಲ. ಗಾಜು ಬಿಡುಗಡೆಯಾಗಿಯೇ ಉಳಿಯುತ್ತದೆ. ಹಾಗೇ ಬ್ಯಾಗಿಗೆ ಹಾಕಿ, ಬೈಕಿಗೆ ನೇತುಹಾಕಿ, ಹಳ್ಳಿ ರಸ್ತೆಯಲ್ಲಿ ಹೋದರೆ ದಾರಿಯುದ್ದಕ್ಕೂ ಗಾಜು ಕುಟ್ಟಿಕೊಳ್ಳುತ್ತದೆ, ಪಟ್ಟಿಯೂ ಬಾಗುತ್ತದೆ. ಮೊದಲು ಕ್ಯಾಮೆರಾ ಆಫ್ ಮಾಡು, ಎರಡು ಉಸಿರು ಕಾಯಿ, ಆಮೇಲೆ ಲೆನ್ಸ್ ತೆಗಿ ಅಂದೆ. ಲೊಟಲೊಟ ಸದ್ದು ಸಹಜ ಅಂದೆನಲ್ಲ, ಅದು ಚಿಲಕ ಬಿದ್ದು ತಂಗಿರುವ ಗಾಜಿನ ಸಣ್ಣ ಸಡಿಲ. ಚಿಲಕ ಬೀಳದ ಗಾಜಿನ ಸದ್ದು ಅದಕ್ಕಿಂತ ಜೋರು.

ಬಿರುಕು ಬಿಟ್ಟ ಎಳೆಗೆ ತೆಳು ತಂತಿ ಬೆಸುಗೆ ಹಾಕಬಹುದಿತ್ತು. ಮೊಬೈಲ್ ಆಗಿದ್ದರೆ ಹಾಕುತ್ತಿದ್ದೆ. ಇಲ್ಲಿ ಬೆಸುಗೆ ಹಾಕಿದ ಜಾಗ ಬಿರುಸಾಗುತ್ತದೆ. ಕೂದಲಿನಷ್ಟು ಅಡ್ಡಿಯಾದರೂ ಗಾಜಿನ ಓಡಾಟ ಕೆಡುತ್ತದೆ. ಮತ್ತೆ ಅದೇ ಜಾಗ ಬಾಗಿ ಬಾಗಿ ಮುರಿಯುತ್ತದೆ. ಮೂರು ದಾರಿ ಇವೆ ಅಂತ ಹೇಳಿದೆ. ಒಂದು, ಸ್ಟೆಬಿಲೈಸರನ್ನು ಕಾಯಂ ಆಫ್ ಇಟ್ಟು, ಐಎಸ್‌ಒ ಏರಿಸಿ 1/320ರ ಮೇಲೆ ತೆಗೆಯುವುದು. ಖರ್ಚಿಲ್ಲ. ಎರಡು, ಕಂಪನಿಯ ಸರ್ವೀಸಿಗೆ ಕಳಿಸುವುದು. ಇಂಥ ಹಳೇ ಲೆನ್ಸಿಗೆ ಅದು ಕೊಂಡ ಬೆಲೆಯ ಹತ್ತಿರಕ್ಕೇ ಬರುತ್ತದೆ. ಮೂರು, ಗಾಜಿಗೆ ಫಂಗಸ್ ಹಿಡಿದು ಮೂಲೆಗೆ ಬಿದ್ದ ಇದೇ ಮಾದರಿಯ ಲೆನ್ಸ್ ಸಿಕ್ಕರೆ ಅದರ ಸ್ಟೆಬಿಲೈಸರ್ ಗುಂಪನ್ನೇ ಎತ್ತಿ ಇದಕ್ಕೆ ಹಾಕುವುದು.

‘ಮೂರನೇದು ಮಾಡಿ ಅಣ್ಣ’ ಅಂದ. ಮುಂದಿನ ಮುಹೂರ್ತಕ್ಕೆ ಇನ್ನೂ ಮೂರು ವಾರ ಇತ್ತು.

ಮೂರು ವಾರ

ಫಂಗಸ್ ಲೆನ್ಸ್ ಹುಬ್ಬಳ್ಳಿಯ ಒಬ್ಬ ರಿಪೇರಿಯವರ ಹತ್ತಿರ ಸಿಕ್ಕಿತು. ಫಂಗಸ್ ಮುಂದಿನ ಗಾಜಿಗೆ ಹಿಡಿದಿತ್ತು, ಸ್ಟೆಬಿಲೈಸರ್ ಗುಂಪು ಚೊಕ್ಕಟವಾಗಿತ್ತು. ಅದನ್ನು ಬದಲಾಯಿಸುವುದು ಅರ್ಧ ದಿನದ ಕೆಲಸ. ನಡುವಿಗೆ ಕೂರಿಸುವುದಕ್ಕೆ ಎರಡು ರಾತ್ರಿ ಹಿಡಿಯಿತು. ರಾತ್ರಿಯೇ ಯಾಕೆಂದರೆ ಕತ್ತಲೆ ಬೇಕು. ತಗಡಿಗೆ ಸೂಜಿಯಿಂದ ತೂತು ಮಾಡಿ, ಹಿಂದೆ ಎಲ್‌ಇಡಿ ಇಟ್ಟು, ಆ ಚುಕ್ಕಿಯನ್ನು ನೋಡುತ್ತಾ ಗುಂಪನ್ನು ಎಳ್ಳಷ್ಟು ಎಳ್ಳಷ್ಟೇ ಸರಿಸಬೇಕು. ಧೂಮಕೇತುವಿನ ಬಾಲ ಹೋಗಿ ಚುಕ್ಕಿ ದುಂಡಗಾಗುವವರೆಗೆ. ಹಳಿಯ ಮೇಲೆ ಗಾಡಿ ಬಂದಾಗಲೆಲ್ಲ ಕೈ ಎತ್ತಿ ಕೂರುತ್ತಿದ್ದೆ. ಚಹಾ ಜಾಸ್ತಿಯಾಯಿತು.

ಹುಡುಗ ಬಂದು ಅದೇ ಗೋಡೆ, ಅದೇ ಪೇಪರಿನ ಮುಂದೆ ನಿಂತ. ಈಗ ಒಂದು ಮಾತು ಜಾಸ್ತಿ ಹೇಳಿದ್ದೆ. ಬಟನ್ ಅರ್ಧ ಒತ್ತಿ, ಚಿತ್ರ ನಿಂತದ್ದು ಕಣ್ಣಿಗೆ ಕಂಡ ಮೇಲೆ ಪೂರ್ತಿ ಒತ್ತು ಅಂತ. ಸ್ಟೆಬಿಲೈಸರಿಗೆ ಎಚ್ಚರಗೊಂಡು ಹದಕ್ಕೆ ಬರಲು ಅರ್ಧದಿಂದ ಒಂದು ಸೆಕೆಂಡು ಬೇಕು. ಒಂದೇ ಏಟಿಗೆ ಒತ್ತಿದರೆ ಅದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಫೋಟೋ ಮುಗಿದಿರುತ್ತದೆ. ಮೆರವಣಿಗೆ ಹಿಂದೆ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವಾಗ ಎರಡನೇ ಮೋಡ್ ಇದ್ದರೆ ಅದಕ್ಕೆ ಹಾಕು ಅಂತಲೂ ಹೇಳಿದೆ. ಇಲ್ಲದಿದ್ದರೆ ಬೇಕೆಂದೇ ತಿರುಗಿಸಿದ್ದನ್ನೂ ಅದು ನಡುಕ ಅಂದುಕೊಂಡು ಜಗ್ಗುತ್ತದೆ.

200ರಲ್ಲಿ, 1/30ರಲ್ಲಿ ಹತ್ತು ತೆಗೆದ. ಎಂಟು ಚೊಕ್ಕಟ. ತಲೆಕಟ್ಟೂ ಸರಿ, ಅಂಕಣದ ಗೆರೆಯೂ ಸರಿ. 1/15ಕ್ಕೆ ಇಳಿಸಿದ. ನಾಲ್ಕು ಚೆನ್ನಾಗಿದ್ದವು, ಉಳಿದ ಆರರಲ್ಲಿ ಮಸುಕು ಸೊಟ್ಟಪಟ್ಟ ಇತ್ತು. ಸೊಟ್ಟ ಗೆರೆ ನೋಡಿ ಅಷ್ಟು ಖುಷಿಪಟ್ಟದ್ದು ನಾನು ಅದೇ ಮೊದಲು. ಸ್ಟೆಬಿಲೈಸರ್ ಆಫ್ ಮಾಡಿ 1/30ರಲ್ಲಿ ತೆಗೆದ ಹತ್ತರಲ್ಲಿ ಒಂದೂ ಸರಿ ಬರಲಿಲ್ಲ. ಅರ್ಧ ಬಟನ್ ಒತ್ತಿದರೆ ಚಿತ್ರ ಕುಸಿಯುವುದು ನಿಂತಿದೆ. ಫ್ರೇಮಿನ ಒಂದು ಮೂಲೆ 300ರಲ್ಲಿ ತೀರಾ ಸಣ್ಣಗೆ ಮೆತ್ತಗಿದೆ. ನನ್ನ ಕೈಯಲ್ಲಿ ಅಷ್ಟೇ ಆಗಿದ್ದು, ಅದನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಸಾಮಾನಿನ ದುಡ್ಡು ತಗೊಂಡೆ, ಕೂಲಿ ತಗೊಳ್ಳಲಿಲ್ಲ. ಆ ಮೊದಲ ಫೋನಿನ ಲೆಕ್ಕಕ್ಕೆ ಹಾಕಿಕೊಂಡೆ.

ಮೂರು ವಾರ ಕಳೆದು ಒಂದು ರಾತ್ರಿ ಅವನಿಂದ ಫೋಟೋ ಬಂತು. ಮತ್ತೊಂದು ಆರತಕ್ಷತೆ, ಮತ್ತೆ ಹಿಂದೆ ಸೀರಿಯಲ್ ಸೆಟ್. ದೊಡ್ಡದು ಮಾಡಿ ನೋಡಿದೆ. ಬಲ್ಬುಗಳೆಲ್ಲ ದುಂಡಗೆ, ಹೆಸರುಕಾಳಿನ ಹಾಗೆ ಇದ್ದವು. ಮುಂದೆ ನಿಂತ ಅಜ್ಜನೊಬ್ಬರು ಎಸೆದ ಅಕ್ಷತೆ ಮಾತ್ರ ಗಾಳಿಯಲ್ಲಿ ಉದ್ದುದ್ದ ಗೆರೆಯಾಗಿತ್ತು. ಕೆಳಗೆ ಬರೆದಿದ್ದ: ‘ಅಕ್ಕಿ ಅಲ್ಲಾಡಿದ್ದು ಅಣ್ಣ, ಲೆನ್ಸ್ ಅಲ್ಲ.’